ಇಲಿಗಳ ಮೇಲೆ ಪ್ರಯೋಗ: ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆಯುವುದು ಹೇಗೆ?

ಎಂ.ಫಾರ್ಮ್ ಇಲ್ಲವೇ ಪಿಎಚ್‌ಡಿಗಾಗಿ ಇಲಿ, ಮೊಲಗಳ ಮೇಲೆ ಪ್ರಯೋಗ ಮಾಡುವವರು ಮೊದಲು ಕಾಲೇಜಿನ ಅನಿಮಲ್ ಹೌಸ್‌ಗೆ ಸಿಸಿಎಸ್‌ಇಎ ನೋಂದಣಿ ಇದೆಯೇ, ಅದರ ಅವಧಿ ಮುಗಿದಿದೆಯೇ ಎಂದು ವಿಚಾರಿಸಿಕೊಳ್ಳಿ. ಸಿಪಿಸಿಎಸ್‌ಇಎ ಎಂದು ಹಳಬರು ಕರೆಯುವುದೂ ಇದನ್ನೇ. ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆಗೆಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ರಚನೆಯಾದ ಕೇಂದ್ರ ಸಮಿತಿ ಇದು.

ಅರ್ಜಿ ನೋಡುವುದು ಸಂಸ್ಥೆಯೊಳಗಿನ ಪ್ರಾಣಿ ಎಥಿಕ್ಸ್ ಕಮಿಟಿ, ಅಂದರೆ ಐಎಇಸಿ. ವಿಜ್ಞಾನಿಗಳ ಜೊತೆಗೆ ಪಶುವೈದ್ಯರು, ಹೊರ ಸಂಸ್ಥೆಯ ವಿಜ್ಞಾನಿ, ವಿಜ್ಞಾನ ಕ್ಷೇತ್ರದವರಲ್ಲದ ಒಬ್ಬ ಸದಸ್ಯರು ಮತ್ತು ಕೇಂದ್ರ ಸಮಿತಿಯ ನಾಮಿನಿ ಇದರಲ್ಲಿರುತ್ತಾರೆ. ನಾಮಿನಿ ಬಾರದೆ ಸಭೆ ನಡೆಯುವಂತಿಲ್ಲ. ಹಾಗಾಗಿ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಬರೆಯುವಾಗಲೇ ಮುಂದಿನ ಸಭೆಯ ದಿನಾಂಕ ಕೇಳಿಟ್ಟುಕೊಳ್ಳಿ. ನಾಯಿ, ಮಂಗಗಳಂಥ ದೊಡ್ಡ ಪ್ರಾಣಿಗಳಾದರೆ ಐಎಇಸಿ ಶಿಫಾರಸು ಮಾತ್ರ ಮಾಡುತ್ತದೆ, ತೀರ್ಮಾನ ಕೇಂದ್ರ ಸಮಿತಿಯದು.

ನಂತರ ಒಪ್ಪಿಗೆ ಕೋರುವ ಅರ್ಜಿ ನಮೂನೆ, ಫಾರ್ಮ್ ಬಿ. ಪ್ರಾಣಿಯ ತಳಿ, ಲಿಂಗ, ವಯಸ್ಸು, ತೂಕ, ಎಲ್ಲಿಂದ ತರುತ್ತೀರಿ ಎಂಬುದೆಲ್ಲ ಸುಲಭ; ಬ್ರೀಡರ್ ನೋಂದಾಯಿತರಾಗಿದ್ದರೆ ಸಾಕು. ಫೈಲು ವಾಪಸ್ ಬರುವುದು ಹೆಚ್ಚಾಗಿ ಪ್ರಾಣಿಗಳ ಸಂಖ್ಯೆಯ ಕಾಲಂನಿಂದ. ‘ಹಿಂದಿನ ಥೀಸಿಸ್‌ನಲ್ಲಿ ಗುಂಪಿಗೆ ಆರು ಇತ್ತು’ ಎಂದರೆ ಯಾರೂ ಒಪ್ಪುವುದಿಲ್ಲ. ಹಿಂದಿನ ದತ್ತಾಂಶವಿದ್ದರೆ ಪವರ್ ಅನಾಲಿಸಿಸ್ (ಎಷ್ಟು ಪ್ರಾಣಿ ಬೇಕೆಂದು ತಿಳಿಸುವ ಸಂಖ್ಯಾಶಾಸ್ತ್ರದ ಲೆಕ್ಕ) ಮಾಡಿ. ಇಲ್ಲದಿದ್ದರೆ ಸರಳ ಸೂತ್ರವೊಂದಿದೆ: ಒಟ್ಟು ಪ್ರಾಣಿಗಳಿಂದ ಗುಂಪುಗಳ ಸಂಖ್ಯೆ ಕಳೆದರೆ ಉಳಿಯುವುದು 10ರಿಂದ 20ರೊಳಗಿರಬೇಕು. 4 ಗುಂಪು, ತಲಾ 6 ಇಲಿ ಎಂದರೆ 24ರಲ್ಲಿ 4 ಕಳೆದು 20, ಸರಿ. ಅದೇ 5 ಗುಂಪಾದರೆ 25 ಬರುತ್ತದೆ, ಗುಂಪಿಗೆ 5 ಇಲಿಗೆ ಇಳಿಸಿ. ಪ್ರಯೋಗದ ನಡುವೆ ಸಾಯಬಹುದಾದವಕ್ಕೆ ಹೆಚ್ಚುವರಿ ಬೇಕಿದ್ದರೆ ಕಾರಣ ಬರೆದು ಈಗಲೇ ಕೇಳಿ.

ಪ್ರಾಣಿ ಪ್ರಯೋಗಕ್ಕೆ ಪರ್ಯಾಯ ಹುಡುಕಿದ್ದನ್ನು ‘ಹುಡುಕಿದೆವು, ಸಿಗಲಿಲ್ಲ’ ಎಂದು ಮುಗಿಸಬೇಡಿ. ವೈದ್ಯಕೀಯ ಸಂಶೋಧನಾ ಲೇಖನಗಳ ಆನ್‌ಲೈನ್ ಭಂಡಾರವಾದ ಪಬ್‌ಮೆಡ್‌ನಲ್ಲಿ ಯಾವ ಪದಗಳಿಂದ, ಯಾವ ದಿನ ಹುಡುಕಿದಿರಿ, ಕೋಶ ಮಟ್ಟದ ಪ್ರಯೋಗ ಏಕೆ ಸಾಲದು ಎಂದು ಬರೆಯಿರಿ.

ನೋವಿನ ಭಾಗದಲ್ಲಿ ಪಶುವೈದ್ಯರ ಕಣ್ಣು ಅಂಕಿಗಳ ಮೇಲೇ ಇರುತ್ತದೆ. ಇಲಿಯ ದೇಹದಲ್ಲಿ ಕೆಜಿಗೆ ಸುಮಾರು 64 ಮಿ.ಲೀ. ರಕ್ತವಿರುತ್ತದೆ, 250 ಗ್ರಾಂ ಇಲಿಯಲ್ಲಿ 16 ಮಿ.ಲೀ. ಒಂದು ಬಾರಿಗೆ ಅದರ ಹತ್ತನೇ ಒಂದು ಭಾಗ, ಅಂದರೆ 1.6 ಮಿ.ಲೀ. ಮೀರಬಾರದು. ವಾರಕ್ಕೆ 2 ಮಿ.ಲೀ. ತೆಗೆಯುತ್ತೇವೆಂದು ಬರೆದರೆ ಅಲ್ಲೇ ಕೆಂಪು ಗೆರೆ. ಅರಿವಳಿಕೆಗೆ ಔಷಧ, ಪ್ರಮಾಣ, ಕೊಡುವ ಮಾರ್ಗ ಮೂರೂ ಬೇಕು. ಈಥರ್ ಎಂದು ಬರೆಯಲೇಬೇಡಿ. ತೂಕ ಶೇ 20ರಷ್ಟು ಇಳಿದರೆ ಆ ಇಲಿಯನ್ನು ಪ್ರಯೋಗದಿಂದ ಕೈಬಿಡುವಂಥ ನಿಯಮವನ್ನೂ, ಕೊನೆಗೆ ದಯಾಮರಣ ಹೇಗೆಂಬುದನ್ನೂ ಸ್ಪಷ್ಟಪಡಿಸಿ.

ಬೋಧನೆಗೆ ಪ್ರಾಣಿ ಕೇಳುವುದು ಈಗ ಬಹುತೇಕ ವ್ಯರ್ಥ. ಪ್ರಾಣಿಶಾಸ್ತ್ರ ತರಗತಿಗಳ ಛೇದನವನ್ನು ಯುಜಿಸಿ 2014ರಲ್ಲೇ ನಿಲ್ಲಿಸಿತು. ಔಷಧಶಾಸ್ತ್ರದ ಪ್ರಾಕ್ಟಿಕಲ್‌ಗಳಿಗೆ ಪ್ರಾಣಿ ಪ್ರಯೋಗವನ್ನು ಕಂಪ್ಯೂಟರ್‌ನಲ್ಲೇ ತೋರಿಸುವ ಎಕ್ಸ್‌ಫಾರ್ಮ್‌ನಂಥ ಸಾಫ್ಟ್‌ವೇರ್‌ಗಳಿವೆ.

ಒಪ್ಪಿಗೆ ಪತ್ರದ ಸಂಖ್ಯೆ ಕೈಗೆ ಬಂದ ಮೇಲೆಯೇ ಇಲಿ ತರಿಸಿ. ಎಷ್ಟು ಬಂದವು, ಯಾವ ಪ್ರಯೋಗಕ್ಕೆ ಹೋದವು ಎಂಬುದನ್ನು ಫಾರ್ಮ್ ಡಿಯಲ್ಲಿ ದಾಖಲಿಸಬೇಕು. ನಡುವೆ ಡೋಸ್ ಅಥವಾ ಗುಂಪು ಬದಲಿಸುವುದಾದರೆ ತಿದ್ದುಪಡಿ ಅರ್ಜಿ ಹಾಕಿ, ಒಪ್ಪಿಗೆ ಬರುವವರೆಗೆ ಹಳೆಯ ಪ್ರೊಟೊಕಾಲ್‌ನಲ್ಲೇ ಮುಂದುವರಿಯಿರಿ.