ಹೆಬ್ಬೆರಳಲ್ಲಿ ಆಕ್ಟೇವ್: ವೆಸ್ ಮಾಂಟ್ಗೊಮೆರಿ ದಾರಿ

ವೆಸ್ ಮಾಂಟ್ಗೊಮೆರಿ (1923–1968) ಹಗಲು ದುಡಿದು ರಾತ್ರಿ ಅಭ್ಯಾಸ ಮಾಡುತ್ತಿದ್ದ ಜಾಝ್ ಗಿಟಾರ್ ವಾದಕ. ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಬಿಟ್ಟು ಹೆಬ್ಬೆರಳು ಹಿಡಿದದ್ದು ಅಕ್ಕಪಕ್ಕದವರ ನಿದ್ದೆ ಕೆಡದಿರಲಿ ಎಂದು. ತುಮಕೂರಿನ ಗೋಡೆಗೆ ಗೋಡೆ ತಾಗಿದ ಮನೆಗಳಿಗೂ ಈ ಉಪಾಯ ಒಗ್ಗುತ್ತದೆ.

6ನೇ, ಅಂದರೆ ಅತಿ ದಪ್ಪ ತಂತಿಯ 3ನೇ ಫ್ರೆಟ್ಟಿನಲ್ಲಿ (ಗಿಟಾರ್ ಕತ್ತಿನ ಲೋಹದ ಪಟ್ಟಿಗಳ ನಡುವಿನ ಮನೆ) ತೋರುಬೆರಳು, 4ನೇ ತಂತಿಯ 5ನೇ ಫ್ರೆಟ್ಟಿನಲ್ಲಿ ಉಂಗುರ ಬೆರಳು. ಎರಡೂ ಜಿ ಸ್ವರವೇ, ಒಂದು ತಗ್ಗಿನದು, ಇನ್ನೊಂದು ಎತ್ತರದ್ದು. ಈ ಜೋಡಿಯೇ ಆಕ್ಟೇವ್. ಕರ್ನಾಟಕ ಸಂಗೀತ ಕಲಿತವರಿಗೆ ಮಧ್ಯ ಷಡ್ಜ, ತಾರ ಷಡ್ಜ ಎಂದರೆ ಸಾಕು. 5–3 ತಂತಿಗಳಿಗೂ ಇದೇ ಅಂತರ. ಆದರೆ 4–2, 3–1 ಜೋಡಿಗಳಲ್ಲಿ ಮೂರು ಫ್ರೆಟ್ ದಾಟಬೇಕು, ಕಿರುಬೆರಳು ಬೇಕು. ಏಕೆಂದರೆ 3ನೇ ಮತ್ತು 2ನೇ ತಂತಿಗಳ ನಡುವೆ ನಾಲ್ಕೇ ಅರ್ಧಸ್ವರ (ಒಂದು ಅರ್ಧಸ್ವರವೆಂದರೆ ಒಂದು ಫ್ರೆಟ್ಟಿನ ಅಂತರ), ಉಳಿದೆಡೆ ಐದು.

ಎಲ್ಲರೂ ಎಡವುವುದು ನಡುವಿನ ತಂತಿಯಲ್ಲಿ. ಅದು ಮೊಳಗಿದರೆ ಆಕ್ಟೇವ್ ಹೋಗಿ ಗದ್ದಲ ಉಳಿಯುತ್ತದೆ. ತೋರುಬೆರಳ ತುದಿ 5ನೇ ತಂತಿಗೆ ತಾಗಲಿ. ಅದೇ ಬೆರಳನ್ನು ಸ್ವಲ್ಪ ಮಲಗಿಸಿದರೆ 3, 2, 1 ಕೂಡ ಮೌನ. ಒತ್ತಬೇಡಿ, ಸೋಕಿಸಿ.

ಬಲಗೈಯಲ್ಲಿ ಉಗುರು ಬೇಡ, ಹೆಬ್ಬೆರಳ ಮಾಂಸಲ ಬದಿಯಿಂದ ಕೆಳಮುಖವಾಗಿ ಮೀಟಿ. ಮೆಟ್ರೊನೋಮ್ (ಲಯ ತೋರಿಸುವ ಸಾಧನ) ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಬಡಿತಕ್ಕೊಂದು ಸ್ವರ. ಚರ್ಮ ಉರಿದರೆ ಆ ದಿನಕ್ಕೆ ನಿಲ್ಲಿಸಿ. ಗುಳ್ಳೆ ಎದ್ದರೆ ವಾರವೇ ಹೋಗುತ್ತದೆ.