ತಿಪಟೂರಿನ ಸರ್ವರ್‌ನಲ್ಲಿರುವ ಸರ್ವಿಸ್ ತುಮಕೂರಿನ ಸರ್ವರ್‌ಗೆ ಸಿಗಬೇಕೇ? ಜೆಎನ್‌ಡಿಐ ಲುಕಪ್ ಹೊಂದಿಸೋದು ಹೀಗೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಿಪಟೂರಿನ ಮಂಡಿ ಆಫೀಸಿನಲ್ಲಿ ಒಂದು ಸರ್ವರ್ ಇದೆ. ಕೊಬ್ಬರಿ ಲಾಟ್, ಟೆಂಡರ್ ದರ ಎಲ್ಲಾ ಅದರಲ್ಲಿರುತ್ತದೆ. ಬಿಲ್ಲು, ಲೆಕ್ಕಪತ್ರ ತುಮಕೂರಿನ ಹೆಡ್ ಆಫೀಸಿನ ಇನ್ನೊಂದು ಸರ್ವರ್‌ನಲ್ಲಿ. ಎರಡರಲ್ಲೂ ಇರುವುದು ವೈಲ್ಡ್‌ಫ್ಲೈ, ಅಂದರೆ ಜಾವಾ ಅಪ್ಲಿಕೇಶನ್‌ಗಳನ್ನು ನಡೆಸುವ ಸರ್ವರ್ ಸಾಫ್ಟ್‌ವೇರ್. ಬಿಲ್ ಹಾಕುವಾಗ ಕ್ವಿಂಟಲ್‌ಗೆ ಇವತ್ತು ಎಷ್ಟು ಅಂತ ತುಮಕೂರು ತಿಪಟೂರನ್ನು ಕೇಳಬೇಕು. ಜಾವಾದಲ್ಲಿ ಇದಕ್ಕಿರುವ ದಾರಿ ಜೆಎನ್‌ಡಿಐ (ಜಾವಾ ನೇಮಿಂಗ್ ಆ್ಯಂಡ್ ಡೈರೆಕ್ಟರಿ ಇಂಟರ್ಫೇಸ್), ಅದರಲ್ಲಿ ಹೆಸರು ಹೇಳಿ ಕೇಳುವುದೇ ಲುಕಪ್. ಹೆಸರು ಹೇಳಿದರೆ ಆ ಹೆಸರಿಗೆ ಕಟ್ಟಿರುವ ಆಬ್ಜೆಕ್ಟ್ ಕೊಡುವುದು ನೇಮಿಂಗ್, ವಿವರಗಳ ಮೇಲೆ ಹುಡುಕಿಕೊಡುವುದು ಡೈರೆಕ್ಟರಿ.

ಮೊದಲೇ ಹೇಳಿಬಿಡುತ್ತೇನೆ: ಆಚೆ ಸರ್ವರ್‌ನ ವಿಳಾಸ, ಪೋರ್ಟ್, ಪಾಸ್‌ವರ್ಡ್ ಯಾವುದೂ ನಿಮ್ಮ ಕೋಡಿನಲ್ಲಿ ಇರಬಾರದು. ಸರ್ವರ್ ಕಾನ್ಫಿಗರೇಶನ್‌ನಲ್ಲಿ ಒಂದೇ ಕಡೆ ಇರಲಿ. ನಾಳೆ ತಿಪಟೂರಿನ ಮೆಷಿನ್ ಬದಲಾದರೆ ಒಂದು ಸಾಲು ತಿದ್ದಿದರೆ ಮುಗಿಯಬೇಕು, ವಾರ್ ಫೈಲನ್ನು (ಅಪ್ಲಿಕೇಶನ್ನಿನ ಪ್ಯಾಕೇಜ್) ಮತ್ತೆ ಬಿಲ್ಡ್ ಮಾಡುವ ಹಾಗಾಗಬಾರದು. ಇನ್ನೊಂದು ವಿಷಯ, ಕಮಾಂಡು, ಸೆಟ್ಟಿಂಗ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಹಾಕಿ.

ಕೆಲಸ ಕೆಳಗಿನಿಂದ ಶುರು ಮಾಡಿ. ಜೆಎನ್‌ಡಿಐ ಮುಟ್ಟುವ ಮೊದಲು ಮೆಷಿನ್ನಿನ ಹೆಸರು ಸರಿಯಾದ ಐಪಿಗೆ ಹೋಗುತ್ತಿದೆಯಾ ನೋಡಿ. ಲಿನಕ್ಸ್‌ನಲ್ಲಿ ಸುಮಾರು ಜನ ಡಿಗ್ ಕಮಾಂಡ್ ಹಾಕಿ ಸರಿ ಇದೆ ಅಂದುಕೊಳ್ಳುತ್ತಾರೆ. ಡಿಗ್ ಕೇಳುವುದು ಡಿಎನ್‌ಎಸ್ ಸರ್ವರನ್ನು ಮಾತ್ರ, ಮೆಷಿನ್ನಿನಲ್ಲೇ ಹೆಸರು-ಐಪಿ ಪಟ್ಟಿ ಇರುವ ಹೋಸ್ಟ್ಸ್ ಫೈಲನ್ನು ಅದು ನೋಡುವುದೇ ಇಲ್ಲ. ಗೆಟೆಂಟ್ ಹೋಸ್ಟ್ಸ್ ಹಾಕಿ ನೋಡಿ, ಎನ್‌ಎಸ್‌ಸ್ವಿಚ್ ಫೈಲಿನಲ್ಲಿ ಬರೆದಿರುವ ಕ್ರಮದಲ್ಲೇ ಅದು ಹುಡುಕುತ್ತದೆ, ಹಾಗಾಗಿ ನಿಮ್ಮ ಅಪ್ಲಿಕೇಶನ್‌ಗೆ ಸಿಗುವ ಉತ್ತರಕ್ಕೆ ಅದೇ ಹತ್ತಿರ. ಡೆಬಿಯನ್, ಉಬುಂಟುಗಳಲ್ಲಿ ಇನ್ನೊಂದು ಸಂಗತಿ ಇದೆ: ಹೋಸ್ಟ್ಸ್ ಫೈಲಿನಲ್ಲಿ ಮೆಷಿನ್ನಿನ ಸ್ವಂತ ಹೆಸರು 127.0.1.1ಕ್ಕೆ ಬರೆದಿರುವುದು ಸಾಮಾನ್ಯ. ಸರ್ವರನ್ನು ಆ ಹೆಸರಿಗೇ ಬೈಂಡ್ ಮಾಡಿದರೆ (ಆ ವಿಳಾಸಕ್ಕೆ ಬಂದದ್ದಕ್ಕಷ್ಟೇ ಉತ್ತರಿಸುವಂತೆ ಕೂರಿಸಿದರೆ) ಹೊರಗಿನವರಿಗೆ ಅದು ಕಾಣುವುದೇ ಇಲ್ಲ.

ಬೈಂಡ್ ವಿಷಯ ಬಂತಲ್ಲ, ವೈಲ್ಡ್‌ಫ್ಲೈ ತಾನಾಗಿ ಕೂರುವುದು 127.0.0.1 ಮೇಲೆ. ಅಂದರೆ ತಿಪಟೂರಿನ ಸರ್ವರ್ ಆ ಮೆಷಿನ್‌ಗೆ ಮಾತ್ರ ಉತ್ತರ ಕೊಡುತ್ತದೆ. ಶುರು ಮಾಡುವಾಗ -ಬಿ ಜೊತೆ ಆಫೀಸ್ ನೆಟ್‌ವರ್ಕ್‌ನ ಐಪಿ ಕೊಡಿ. 0.0.0.0 ಕೊಟ್ಟರೂ ಕೆಲಸ ಆಗುತ್ತದೆ, ಆದರೆ ಎಲ್ಲಾ ಕಾರ್ಡುಗಳ ಮೇಲೂ ಬಾಗಿಲು ತೆರೆದ ಹಾಗೆ. ಪೋರ್ಟ್ 8080 ಸಾಕು, ಏಕೆಂದರೆ ವೈಲ್ಡ್‌ಫ್ಲೈ 8ರಿಂದ ರಿಮೋಟಿಂಗ್ (ಹೊರಗಿನಿಂದ ಬರುವ ಕರೆಗಳ ದಾರಿ) ಕೂಡ ಎಚ್‌ಟಿಟಿಪಿ ಪೋರ್ಟಿನ ಮೇಲೇ ಅಪ್‌ಗ್ರೇಡ್ ಆಗಿ ಹೋಗುತ್ತದೆ. ಹಳೆಯ ಲೇಖನಗಳಲ್ಲಿ 4447, 1099 ಅಂತ ಕಂಡರೆ ಅವು ಜೆಬಾಸ್ (ವೈಲ್ಡ್‌ಫ್ಲೈನ ಹಳೆಯ ಹೆಸರು) 7 ಮತ್ತು ಅದಕ್ಕೂ ಹಿಂದಿನ ಕಾಲದವು, ಅವನ್ನು ಕಾಪಿ ಮಾಡಬೇಡಿ. ಎರಡು ಊರಿನ ನಡುವೆ ವಿಪಿಎನ್ (ಸುರಕ್ಷಿತ ಖಾಸಗಿ ದಾರಿ) ಇರಲೇಬೇಕು, 8080ನ್ನು ಸೀದಾ ಇಂಟರ್ನೆಟ್‌ಗೆ ಬಿಡಬೇಡಿ. ವೈರ್‌ಗಾರ್ಡ್ ಸಾಕು, ಸೆಟಪ್ ಕೂಡ ಚಿಕ್ಕದು.

ಆಮೇಲೆ ಲಾಗಿನ್. ತಿಪಟೂರಿನ ಸರ್ವರ್‌ನಲ್ಲಿ ಆ್ಯಡ್-ಯೂಸರ್ ಸ್ಕ್ರಿಪ್ಟ್ ಓಡಿಸಿ, -ಎ ಕೊಟ್ಟು ಅಪ್ಲಿಕೇಶನ್ ಯೂಸರ್ ಮಾಡಿ. ಮ್ಯಾನೇಜ್‌ಮೆಂಟ್ ಯೂಸರ್ ಬೇರೆ, ಅದು 9990ರ ಅಡ್ಮಿನ್ ಕನ್ಸೋಲ್‌ಗೆ. ಒಂದೇ ಮೆಷಿನ್ನಿನಲ್ಲಿ ಟೆಸ್ಟ್ ಮಾಡಿದಾಗ ಯೂಸರ್ ಇಲ್ಲದೆಯೂ ಎಲ್ಲಾ ಸರಿಯಾಗಿ ನಡೆಯಬಹುದು, ತುಮಕೂರಿನಿಂದ ಕೇಳಿದ ತಕ್ಷಣ ಅಥೆಂಟಿಕೇಶನ್ ಎರರ್. ಕಾರಣ ಸರಳ. ಒಂದೇ ಮೆಷಿನ್ ಆದರೆ ವೈಲ್ಡ್‌ಫ್ಲೈ ಲೋಕಲ್ ಅಥೆಂಟಿಕೇಶನ್ ಬಳಸುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ. ಆದ್ದರಿಂದ ಟೆಸ್ಟ್ ಯಾವಾಗಲೂ ಎರಡು ಬೇರೆ ಮೆಷಿನ್ನುಗಳ ನಡುವೆಯೇ ಆಗಬೇಕು.

ಈಗ ಹೆಸರಿನ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸಿ. ವೈಲ್ಡ್‌ಫ್ಲೈ ಒಳಗೆ ಹಲವು ನೇಮ್‌ಸ್ಪೇಸ್ ಇವೆ. ಜಾವಾ:ಕಾಂಪ್ ಆ ಕಾಂಪೊನೆಂಟಿಗೆ, ಜಾವಾ:ಮಾಡ್ಯೂಲ್ ಆ ಮಾಡ್ಯೂಲಿಗೆ, ಜಾವಾ:ಆ್ಯಪ್ ಆ ಅಪ್ಲಿಕೇಶನ್‌ಗೆ, ಜಾವಾ:ಗ್ಲೋಬಲ್ ಆ ಇಡೀ ಸರ್ವರ್‌ಗೆ. ಗ್ಲೋಬಲ್ ಅಂತ ಹೆಸರಿದ್ದರೂ ಸರ್ವರ್ ದಾಟಿ ಹೋಗುವುದಿಲ್ಲ. ಹೊರಗಿನಿಂದ ಲುಕಪ್ ಮಾಡಿದವರಿಗೆ ಕಾಣುವುದು ಜಾವಾ:ಜೆಬಾಸ್/ಎಕ್ಸ್‌ಪೋರ್ಟೆಡ್ ಅಡಿಯಲ್ಲಿರುವ ಹೆಸರುಗಳು ಮಾತ್ರ. ಡಿಪ್ಲಾಯ್ ಮಾಡಿದಾಗ ಸರ್ವರ್ ಲಾಗ್ ತೆಗೆದು ಓದಿ. ದರದ ಬೀನ್‌ಗೆ (ದರ ಕೊಡುವ ಜಾವಾ ಕ್ಲಾಸ್, ಇಂಥದ್ದನ್ನೇ ಇಜೆಬಿ ಅನ್ನುವುದು) ಯಾವ್ಯಾವ ಹೆಸರು ಬಂದಿದೆ ಅಂತ ಒಂದರ ಕೆಳಗೊಂದು ಸಾಲು ಇರುತ್ತದೆ, ಗ್ಲೋಬಲ್, ಆ್ಯಪ್, ಮಾಡ್ಯೂಲ್, ಎಕ್ಸ್‌ಪೋರ್ಟೆಡ್, ಇಜೆಬಿ: ಅಂತ. ಎಕ್ಸ್‌ಪೋರ್ಟೆಡ್ ಸಾಲೇ ಇಲ್ಲ ಅಂದರೆ ಇಂಟರ್ಫೇಸ್‌ಗೆ ರಿಮೋಟ್ ಅನೋಟೇಶನ್ ಬಿಟ್ಟುಹೋಗಿದೆ. ಹೆಸರನ್ನು ಊಹಿಸಿ ಬರೆಯಬೇಡಿ, ಆ ಲಾಗಿನಿಂದ ಎತ್ತಿಕೊಳ್ಳಿ.

ತುಮಕೂರಿನ ಕಡೆ ಮೂರು ಜಾಗದಲ್ಲಿ ಕೆಲಸ ಇದೆ. ಸಾಕೆಟ್ ಬೈಂಡಿಂಗ್ ಗುಂಪಿನಲ್ಲಿ ಒಂದು ಔಟ್‌ಬೌಂಡ್ ಸಾಕೆಟ್ ಬೈಂಡಿಂಗ್, ಅದರಲ್ಲಿ ತಿಪಟೂರಿನ ಹೆಸರು ಮತ್ತು 8080. ವೈಲ್ಡ್‌ಫ್ಲೈನ ಭದ್ರತಾ ಭಾಗವಾದ ಎಲಿಟ್ರಾನ್‌ನಲ್ಲಿ ಅಥೆಂಟಿಕೇಶನ್ ಕಾನ್ಫಿಗರೇಶನ್ ಮತ್ತು ಅದನ್ನು ಸುತ್ತುವ ಅಥೆಂಟಿಕೇಶನ್ ಕಾಂಟೆಕ್ಸ್ಟ್, ಪಾಸ್‌ವರ್ಡ್ ಕ್ರೆಡೆನ್ಶಿಯಲ್ ಸ್ಟೋರ್‌ನಲ್ಲಿ. ವೈಲ್ಡ್‌ಫ್ಲೈ 25ರಲ್ಲಿ ಹಳೆಯ ಸೆಕ್ಯುರಿಟಿ ರಿಯಾಲ್ಮ್ ಪೂರ್ತಿ ತೆಗೆದುಹಾಕಿದ್ದಾರೆ, ಅದನ್ನು ನಂಬಿದ ಹಳೆಯ ಸ್ಕ್ರಿಪ್ಟ್‌ಗಳು ಈಗ ನಡೆಯುವುದಿಲ್ಲ. ಕೊನೆಗೆ ರಿಮೋಟಿಂಗ್ ಸಬ್‌ಸಿಸ್ಟಮ್‌ನಲ್ಲಿ ರಿಮೋಟ್ ಔಟ್‌ಬೌಂಡ್ ಕನೆಕ್ಷನ್ ಮಾಡಿ, ಮೇಲಿನ ಎರಡನ್ನೂ ಅದಕ್ಕೆ ಜೋಡಿಸಿ. ಅಪ್ಲಿಕೇಶನ್ನಿನೊಳಗೆ ಇರುವುದು ಜೆಬಾಸ್-ಇಜೆಬಿ-ಕ್ಲೈಂಟ್ ಎಕ್ಸ್‌ಎಂಎಲ್ ಫೈಲ್ ಒಂದೇ, ವಾರ್ ಆದರೆ ವೆಬ್-ಇನ್ಫ್ ಫೋಲ್ಡರಿನಲ್ಲಿ. ಅದರಲ್ಲಿ ಆ ಕನೆಕ್ಷನ್ನಿನ ಹೆಸರು ಬರೆದರೆ ಸಾಕು, ಐಪಿ ಬರೆಯುವ ಪ್ರಶ್ನೆಯೇ ಇಲ್ಲ.

ಕೋಡಿನಲ್ಲಿ ಲುಕಪ್ ಮಾಡುವ ಹೆಸರಿನ ಆಕಾರ ಇದು: ಇಜೆಬಿ: ಆದಮೇಲೆ ಅಪ್ಲಿಕೇಶನ್ ಹೆಸರು, ಸ್ಲ್ಯಾಶ್, ಮಾಡ್ಯೂಲ್ ಹೆಸರು, ಸ್ಲ್ಯಾಶ್, ಬೀನ್ ಹೆಸರು, ಆಶ್ಚರ್ಯಸೂಚಕ ಚಿಹ್ನೆ, ಇಂಟರ್ಫೇಸಿನ ಪೂರ್ತಿ ಹೆಸರು ಪ್ಯಾಕೇಜ್ ಸಮೇತ. ಇಯರ್ ಫೈಲ್ (ಹಲವು ಮಾಡ್ಯೂಲ್ ಸೇರಿದ ಪ್ಯಾಕೇಜ್) ಇಲ್ಲದೆ ಬರೀ ವಾರ್ ಆದರೆ ಅಪ್ಲಿಕೇಶನ್ ಹೆಸರು ಖಾಲಿ, ಆದರೆ ಸ್ಲ್ಯಾಶ್ ಇರಲೇಬೇಕು. ಆ ಒಂದು ಸ್ಲ್ಯಾಶ್ ಬಿಟ್ಟರೆ ಏನೂ ನಡೆಯುವುದಿಲ್ಲ.

ಇನ್ನು ಮುಖ್ಯವಾದದ್ದು. ಇಜೆಬಿ: ಲುಕಪ್ ಸಕ್ಸಸ್ ಆಯ್ತು ಅಂದರೆ ತಿಪಟೂರಿಗೆ ಕನೆಕ್ಟ್ ಆಯ್ತು ಅಂತ ಅರ್ಥ ಅಲ್ಲ. ಸ್ಟೇಟ್‌ಲೆಸ್ (ಕರೆಗಳ ನಡುವೆ ಏನನ್ನೂ ನೆನಪಿಟ್ಟುಕೊಳ್ಳದ) ಬೀನ್ ಆದರೆ ಲುಕಪ್ ಸಮಯದಲ್ಲಿ ಅದು ಆಚೆ ಸರ್ವರನ್ನು ಕೇಳುವುದೇ ಇಲ್ಲ, ನೀವು ಕೊಟ್ಟ ಹೆಸರಿನಿಂದ ಇಲ್ಲೇ ಒಂದು ಪ್ರಾಕ್ಸಿ (ಬದಲಿ ಆಬ್ಜೆಕ್ಟ್) ಮಾಡಿ ಕೈಗೆ ಕೊಡುತ್ತದೆ. ಮಾಡ್ಯೂಲ್ ಹೆಸರು ತಪ್ಪಿದ್ದರೂ ಕೊಡುತ್ತದೆ. ಎರರ್ ಬರುವುದು ಮೊದಲ ಮೆಥಡ್ ಕರೆದಾಗ, ಡೆಸ್ಟಿನೇಶನ್ ಸಿಗಲಿಲ್ಲ ಅಂತ. ಅದಕ್ಕೇ ದರದ ಬೀನ್‌ನಲ್ಲಿ ಸುಮ್ನೆ ಸರ್ವರ್ ಟೈಮ್ ವಾಪಸ್ ಕೊಡುವ ಒಂದು ಪುಟ್ಟ ಮೆಥಡ್ ಇಟ್ಟು, ತುಮಕೂರಿನ ಅಪ್ಲಿಕೇಶನ್ ಶುರುವಾದಾಗ ಅದನ್ನು ಕರೆದು ಲಾಗ್ ಬರೆಯಿರಿ. ಸಮಸ್ಯೆ ಬೆಳಿಗ್ಗೆಯೇ ಗೊತ್ತಾಗುತ್ತದೆ, ಟೆಂಡರ್ ಮುಗಿದು ಜನ ಬಿಲ್ಲಿಗೆ ನಿಂತಾಗ ಅಲ್ಲ.

ಟೆಂಡರ್ ದಿನ ಅಂದಾಗ ಕರೆಂಟಿನ ಮಾತೂ ಬರಬೇಕು. ತಿಪಟೂರಿನಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಡ ಕೈಕೊಟ್ಟಿತು ಅಂತಿಟ್ಟುಕೊಳ್ಳಿ. ಸರ್ವಿಸ್ ಮಾತ್ರ ನಿಂತಿದ್ದರೆ ಕನೆಕ್ಷನ್ ತಕ್ಷಣ ರೆಫ್ಯೂಸ್ ಆಗುತ್ತದೆ, ಅದು ಒಳ್ಳೆಯದು. ಮೆಷಿನ್ನೇ ಸತ್ತಿದ್ದರೆ ಉತ್ತರವೇ ಬರುವುದಿಲ್ಲ, ತುಮಕೂರಿನ ಥ್ರೆಡ್ ಕಾಯುತ್ತಾ ಕೂರುತ್ತದೆ. ಬಿಲ್ ಸ್ಕ್ರೀನ್ ತೆರೆದ ಪ್ರತಿಯೊಬ್ಬರಿಗೂ ಒಂದೊಂದು ಥ್ರೆಡ್ ಹೀಗೆ ಸಿಕ್ಕಿಹಾಕಿಕೊಂಡರೆ, ದರಕ್ಕೂ ತಮಗೂ ಸಂಬಂಧವೇ ಇಲ್ಲದ ಸ್ಕ್ರೀನ್‌ಗಳೂ ನಿಂತುಹೋಗುತ್ತವೆ. ಹಾಗಾಗಿ ಇಜೆಬಿ ಕ್ಲೈಂಟ್ ಫೈಲಿನ ಕ್ಲೈಂಟ್ ಕಾಂಟೆಕ್ಸ್ಟ್‌ಗೆ ಇನ್ವೊಕೇಶನ್ ಟೈಮೌಟ್ ಹಾಕಿ. ಮಿಲಿಸೆಕೆಂಡಿನ ಲೆಕ್ಕ, 3000 ಅಂದರೆ ಮೂರು ಸೆಕೆಂಡ್. ಅಷ್ಟರಲ್ಲಿ ಬರದಿದ್ದರೆ ಕೊನೆಗೆ ಸಿಕ್ಕ ದರ, ಅದರ ದಿನ ಮತ್ತು ಸಮಯ ತೋರಿಸಿ, ಮುಂದುವರಿಯಬೇಕೋ ಬೇಡವೋ ಅಂತ ಬಿಲ್ ಹಾಕುವವರೇ ತೀರ್ಮಾನಿಸಲಿ. ಹಳೆಯ ದರವನ್ನು ಹೇಳದೆ ಕೇಳದೆ ಇವತ್ತಿನದು ಅಂತ ತೋರಿಸಬೇಡಿ, ಅದು ರೈತರ ದುಡ್ಡು.

ಡೈರೆಕ್ಟರಿ ಕಡೆಗೂ ಟೈಮೌಟ್‌ನ ಇದೇ ಮಾತು, ಅಲ್ಲಿ ಇನ್ನೂ ಜಾಸ್ತಿ. ಸಿಬ್ಬಂದಿಯ ಲಾಗಿನ್, ಇಲಾಖೆ, ಫೋನ್ ನಂಬರ್ ಎಲ್ಡ್ಯಾಪ್ ಡೈರೆಕ್ಟರಿಯಲ್ಲಿದ್ದರೆ ನೇಮಿಂಗ್ ಸಬ್‌ಸಿಸ್ಟಮ್‌ನಲ್ಲಿ ಎಕ್ಸ್‌ಟರ್ನಲ್ ಕಾಂಟೆಕ್ಸ್ಟ್ ಬೈಂಡಿಂಗ್ ಮಾಡಿ, ಅದಕ್ಕೆ ಜಾವಾ:ಗ್ಲೋಬಲ್ ಅಡಿಯಲ್ಲಿ ಒಂದು ಹೆಸರು ಕೊಡಿ. ಕೋಡ್ ಆ ಹೆಸರನ್ನು ಮಾತ್ರ ಕೇಳಲಿ. ಜಾವಾದ ಎಲ್ಡ್ಯಾಪ್ ಪ್ರೊವೈಡರ್‌ಗೆ ರೀಡ್ ಟೈಮೌಟ್ ಕೊಡದಿದ್ದರೆ ಉತ್ತರ ಬರುವ ತನಕ ಕಾಯುತ್ತಲೇ ಇರುತ್ತದೆ. ಕನೆಕ್ಟ್ ಟೈಮೌಟ್, ರೀಡ್ ಟೈಮೌಟ್ ಎರಡನ್ನೂ ಎನ್ವಿರಾನ್‌ಮೆಂಟ್ ಪ್ರಾಪರ್ಟಿಯಾಗಿ ಹಾಕಿ. ಪೋರ್ಟ್ 389 ಬಿಟ್ಟು ಟಿಎಲ್‌ಎಸ್ ಇರುವ 636 ಬಳಸಿ. ಹುಡುಕುವಾಗ ಬಳಕೆದಾರ ಟೈಪ್ ಮಾಡಿದ್ದನ್ನು ಫಿಲ್ಟರ್‌ಗೆ ಸೀದಾ ಅಂಟಿಸಬೇಡಿ, ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಸರ್ಚ್ ಮೆಥಡ್ ಇದೆ, ಅದನ್ನೇ ಬಳಸಿ.

ಒಂದು ಕಡೆ ವೈಲ್ಡ್‌ಫ್ಲೈ ಬದಲು ಟಾಮ್‌ಕ್ಯಾಟ್ ಸರ್ವರ್ ಇದ್ದರೆ? ಅದರ ಜೆಎನ್‌ಡಿಐ ಅದರೊಳಗಿನ ಅಪ್ಲಿಕೇಶನ್‌ಗಳಿಗೆ ಮಾತ್ರ, ಹೊರಗಿನವರು ಲುಕಪ್ ಮಾಡಲು ಆಗುವುದಿಲ್ಲ. ಟಾಮ್‌ಕ್ಯಾಟ್ ಕೇಳುವ ಕಡೆ ಇರಬಹುದು. ಆಗ ವೈಲ್ಡ್‌ಫ್ಲೈನ ಬಿನ್ ಫೋಲ್ಡರಿನೊಳಗಿನ ಕ್ಲೈಂಟ್ ಫೋಲ್ಡರಿನಲ್ಲಿರುವ ಜೆಬಾಸ್-ಕ್ಲೈಂಟ್ ಜಾರ್ ಅದಕ್ಕೆ ಕೊಡಿ. ಡೇಟಾಸೋರ್ಸನ್ನು (ಡೇಟಾಬೇಸ್ ಸಂಪರ್ಕ) ಆಚೆ ಸರ್ವರ್‌ನಿಂದ ಲುಕಪ್ ಮಾಡಲು ಮಾತ್ರ ಹೋಗಬೇಡಿ, ಪ್ರತಿ ಸರ್ವರ್‌ಗೂ ಅದರದೇ ಡೇಟಾಸೋರ್ಸ್ ಇರಲಿ. ಮತ್ತೊಂದು, ಒಂದು ಸರ್ವರ್ ಹಳೆಯದು, ಇನ್ನೊಂದು ವೈಲ್ಡ್‌ಫ್ಲೈ 27 ಅಥವಾ ಮೇಲಿನದಾದರೆ ಇಜೆಬಿ ಅನೋಟೇಶನ್‌ಗಳು ಜಾವಾಎಕ್ಸ್‌ನಿಂದ ಜಕಾರ್ತಾಗೆ ಬದಲಾಗಿರುತ್ತವೆ. ಜಾವಾಎಕ್ಸ್ ನೇಮಿಂಗ್ ಜೆಡಿಕೆಯ ಭಾಗ, ಅದು ಹಾಗೇ ಇದೆ, ಅದನ್ನು ಮುಟ್ಟಬೇಡಿ.

ಕೊನೆಯದು ಸುರಕ್ಷತೆ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಶೆಲ್ ಅನ್ನುವ ಭದ್ರತಾ ದೋಷ ಹೊರಬಂತಲ್ಲ, ಅದು ನಡೆದದ್ದು ಇದೇ ಜೆಎನ್‌ಡಿಐ ಲುಕಪ್‌ನಿಂದ. ಹೊರಗಿನವರು ಬರೆದ ಸಾಲನ್ನು ಲಾಗ್‌ಫೋರ್‌ಜೆ 2 (ಲಾಗ್ ಬರೆಯುವ ಜಾವಾ ಲೈಬ್ರರಿ) ಲಾಗ್ ಮಾಡುವಾಗ ಅದರೊಳಗಿನ ಎಲ್ಡ್ಯಾಪ್ ವಿಳಾಸಕ್ಕೆ ಲುಕಪ್ ಮಾಡಿಬಿಡುತ್ತಿತ್ತು, 2.14.1ರವರೆಗಿನ ವರ್ಶನ್‌ಗಳಲ್ಲಿ. ನಿಮ್ಮ ಹಳೆಯ ವಾರ್ ಫೈಲುಗಳೊಳಗೆ ಆ ಜಾರ್ ಇದೆಯಾ ಹುಡುಕಿ, ಇದ್ದರೆ 2.17.1 ಅಥವಾ ಮೇಲಿನದಕ್ಕೆ ಹೋಗಿ. ಲುಕಪ್‌ಗೆ ಕೊಡುವ ಹೆಸರು ಬಳಕೆದಾರರ ಇನ್‌ಪುಟ್‌ನಿಂದ ಎಂದೂ ಬರಬಾರದು. ಜೊತೆಗೆ ಫೈರ್‌ವಾಲ್‌ನಲ್ಲಿ ಹೊರಗೆ ಹೋಗುವ ದಾರಿಯನ್ನೂ ಕಟ್ಟಿ: ತುಮಕೂರಿನ ಸರ್ವರ್‌ನಿಂದ ತಿಪಟೂರಿನ 8080, ಡೈರೆಕ್ಟರಿಯ 636, ಡಿಎನ್‌ಎಸ್, ಡೇಟಾಬೇಸ್, ವಿಪಿಎನ್ ಬಿಟ್ಟು ಬೇರೆಲ್ಲಾ ಬಂದ್ ಮಾಡಿ, ಆಮೇಲೆ ಆ ಪುಟ್ಟ ಮೆಥಡನ್ನು ಇನ್ನೊಮ್ಮೆ ಕರೆದು ನೋಡಿ.