ಕಂಪ್ರೆಸರ್‌ನಲ್ಲಿ ಗಾಳಿಯಿತ್ತು, ಗನ್ನಿನಲ್ಲಿ ಬಲವಿರಲಿಲ್ಲ

ಪೀಣ್ಯದ ನಮ್ಮ ಗ್ಯಾರೇಜಿನಲ್ಲಿ ಗಾಳಿಯ ಬಲದಿಂದ ನಟ್ಟು ತಿರುಗಿಸುವ ಅರ್ಧ ಇಂಚಿನ ಇಂಪ್ಯಾಕ್ಟ್ ಗನ್ನು ಚಕ್ರದ ನಟ್ಟು ಬಿಚ್ಚಲಾರದೆ ಬರೀ ಸದ್ದು ಮಾಡುತ್ತಿದ್ದುದರಿಂದ, ಕಂಪ್ರೆಸರ್ರೇ ಸೋತಿದೆಯೆಂದು ಭಾವಿಸಿದ್ದೆ. ಆದರೆ ಅದರ ಗೇಜು 8 ಬಾರ್ ಒತ್ತಡ ತೋರಿಸುತ್ತಿತ್ತು. ಗನ್ನಿನ ಹಿಡಿಯ ಬಳಿಯೇ ಮತ್ತೊಂದು ಗೇಜು ಕೂರಿಸಿ ಟ್ರಿಗರ್ ಒತ್ತಿದಾಗ ಮುಳ್ಳು 4ಕ್ಕೆ ಕುಸಿದು, ಬಿಟ್ಟೊಡನೆ 8ಕ್ಕೇರಿತು. ಇಂಥ ಉಪಕರಣಗಳಿಗೆ ಸಾಮಾನ್ಯವಾಗಿ ಓಡುತ್ತಿರುವಾಗಲೇ ಸುಮಾರು 6.3 ಬಾರ್ ಬೇಕು. ನಿಂತಾಗಿನ ಒತ್ತಡ ಲೆಕ್ಕಕ್ಕಿಲ್ಲ.

ಹೋಸನ್ನು ಗನ್ನಿಗೆ ಜೋಡಿಸುವ ಕಪ್ಲರ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ, ಮೊದಲೇ ಕಿರಿದಾಗಿದ್ದ ಒಳದಾರಿಯನ್ನು ನಾನೇ ಸುತ್ತಿದ್ದ ಟೆಫ್ಲಾನ್ ಟೇಪಿನ ಚೂರೊಂದು ಅರ್ಧ ಮುಚ್ಚಿತ್ತು. ಎಸ್.ಪಿ. ರಸ್ತೆಯಿಂದ 6 ಮಿ.ಮೀ. ಹೋಸಿನ ಬದಲಿಗೆ 10 ಮಿ.ಮೀ. ಒಳವ್ಯಾಸದ ಹೋಸನ್ನೂ ಅದಕ್ಕೆ ಸರಿಹೊಂದುವ ಹೈ-ಫ್ಲೋ ಕಪ್ಲರನ್ನೂ ತಂದೆ. ಕಪ್ಲರಿಗೆ ಸಿಕ್ಕಿಸಲು ಗನ್ನಿಗೆ ತಿರುಗಿಸಿ ಕೂರಿಸುವ ಹೊಸ ನಿಪ್ಪಲ್ ಎರಡು ಮೂರು ಸುತ್ತಿಗೇ ಬಿಗಿದುಕೊಂಡಿತು: ಗನ್ನಿನದು ಇಂಚಿಗೆ 18 ಮರೆಗಳ (ಥ್ರೆಡ್) ಅಮೆರಿಕನ್ ಮಾದರಿಯ ಎನ್‌ಪಿಟಿ, ಅಂಗಡಿಯವರು ಕೊಟ್ಟದ್ದು 19 ಮರೆಗಳ ಬ್ರಿಟಿಷ್ ಮಾದರಿಯ ಬಿಎಸ್‌ಪಿ. ಬಲವಂತ ಮಾಡದೆ ಬದಲಾಯಿಸಿಕೊಂಡು ಬಂದೆ.

ಗನ್ನಿನ ಅದುರಿಗೆ ಕಪ್ಲರ್ ಸವೆಯದಂತೆ ನಡುವೆ ಗಿಡ್ಡ ಹೋಸೊಂದನ್ನು ಹಾಕಿ, ಜೋಡಣೆಗಳಿಗೆ ಸೋಪುನೀರು ಸವರಿ ಸೋರಿಕೆ ಪರೀಕ್ಷಿಸಿದೆ. ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ ತಿರುಗಿಸಿ ಹೊಂದಿಸಿದ ಮೇಲೆ, ಟ್ರಿಗರ್ ಒತ್ತಿದಾಗಲೂ ಮುಳ್ಳು 6ರ ಮೇಲೆಯೇ ನಿಂತಿತು.